ರಾಗಿ ಕಲ್ಲಿನ ಲಯ, ಕಂಪ್ಯೂಟರಿನ ತಾಳ: ದನಿ ಹಿಗ್ಗಿಸುವ ಯಂತ್ರಗಳ ಕಥೆ

ವಾಟ್ಸ್‌ಆ್ಯಪ್‌ನಲ್ಲಿ ಉದ್ದದ ವಾಯ್ಸ್ ಮೆಸೇಜ್ ಬಂದರೆ ನಾವೆಲ್ಲ ಪಕ್ಕದಲ್ಲಿರುವ 1.5 ಒತ್ತುತ್ತೇವೆ. ಮಾತು ಬೇಗ ಮುಗಿಯುತ್ತದೆ. ಆದರೂ ಸೋದರಮಾವನ ದನಿ ಸೋದರಮಾವನದೇ ಆಗಿರುತ್ತದೆ, ಕೀಚಲಾಗುವುದಿಲ್ಲ. ಈ ಸೌಲಭ್ಯ ವಾಟ್ಸ್‌ಆ್ಯಪ್‌ಗೆ ಬಂದದ್ದು 2021ರಲ್ಲಿ.

ಈಗ ಹಳೇ ಟೇಪ್ ರೆಕಾರ್ಡರ್ ನೆನಪು ಮಾಡಿಕೊಳ್ಳಿ. ಸೆಲ್ಲು ಇಳಿದಾಗ ರಾಜ್‌ಕುಮಾರ್ ಹಾಡು ಏನಾಗುತ್ತಿತ್ತು? ಹಾಡು ನಿಧಾನವಾಗುತ್ತಿತ್ತು, ಜೊತೆಗೆ ದನಿಯೂ ದಪ್ಪವಾಗಿ ಕೆಳಕ್ಕಿಳಿಯುತ್ತಿತ್ತು. ರೀಲು ಜೋರಾಗಿ ಓಡಿದರೆ ಗುಬ್ಬಚ್ಚಿಯ ಚಿಲಿಪಿಲಿ. ವೇಗ ಮತ್ತು ಶ್ರುತಿ ಎರಡೂ ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳ ಹಾಗೆ. ಒಂದು ಓಡಿದರೆ ಇನ್ನೊಂದೂ ಓಡಲೇಬೇಕು.

ಆ ಜೋಡಿಯನ್ನು ಬಿಡಿಸಿದವರು ಯಾರು? ಯಾಕೆ ಬಿಡಿಸಿದರು? ಈ ಪ್ರಶ್ನೆಯ ಬೆನ್ನು ಹತ್ತಲು ನಮಗೊಂದು ಕಾರಣವಿತ್ತು.

ಅಜ್ಜಿ ಕೇಳಿದ ಪ್ರಶ್ನೆ

ನಮ್ಮ ಗುಂಪು ಒಂದು ಊರಿನಲ್ಲಿ ಅಜ್ಜಿಯೊಬ್ಬರ ರಾಗಿ ಬೀಸುವ ಪದ ರೆಕಾರ್ಡ್ ಮಾಡಿತು. ಮನೆಯಲ್ಲಿ ಬೀಸುವ ಕಲ್ಲು ಇನ್ನೂ ಇತ್ತು. ಅಜ್ಜಿ ಕಲ್ಲು ತಿರುಗಿಸುತ್ತಲೇ ಹಾಡಿದರು. ನಡುವೆ ಒಂದು ಬೈಕಿನ ಹಾರನ್ ಬಂತು. ಹೊರಗೆ ಪಂಪ್‌ಸೆಟ್ಟಿನ ಗುಂಯ್ ಸದ್ದು ಇದ್ದೇ ಇತ್ತು.

ಆ ಪದಕ್ಕೆ ತಮಟೆಯ ತಾಳ ಸೇರಿಸಿ ಒಂದು ಆಡಿಯೋ ವರದಿ ಮಾಡೋಣ ಎಂದುಕೊಂಡೆವು. ಮೊದಲು ಕೈಗೆ ಸಿಕ್ಕ ಒಂದು ಆ್ಯಪ್‌ಗೆ ಹಾಕಿದೆವು. ಒಂದು ಗುಂಡಿ ಒತ್ತಿದರೆ ಗದ್ದಲ ಹೋಯಿತು. ಇನ್ನೊಂದು ಗುಂಡಿ ಒತ್ತಿದರೆ ಹಾಡು ತಾಳಕ್ಕೆ ಸರಿಯಾಗಿ ಕೂತಿತು. ನಮಗೆ ಖುಷಿಯೋ ಖುಷಿ. ಅಜ್ಜಿಗೆ ಕೇಳಿಸಿದೆವು.

ಅವರು ಸ್ವಲ್ಪ ಹೊತ್ತು ಕೇಳಿ, "ನಾನ್ ಉಸ್ರು ತಗಳೋ ಜಾಗನೇ ಇಲ್ವಲ್ಲ ಮಗ? ಕಲ್ಲು ಎಲ್ಲೋಯ್ತು?" ಎಂದರು.

ಮತ್ತೆ ಕೇಳಿದೆವು. ಅಜ್ಜಿ ಹೇಳಿದ್ದು ನಿಜ. ಕಲ್ಲಿನ ಗರಗರ ಸದ್ದನ್ನು ಆ್ಯಪ್ ಗದ್ದಲವೆಂದು ಅಳಿಸಿತ್ತು. ಉಸಿರಿನ ಸದ್ದೂ ಅದರ ಲೆಕ್ಕದಲ್ಲಿ ಗದ್ದಲವೇ. ಇನ್ನು ತಾಳದ ವಿಷಯ. ಕಲ್ಲಿಗೆ ಒಂದು ಹಿಡಿ ರಾಗಿ ಹಾಕಿದಾಗ ಭಾರವಾಗಿ ಕೈ ನಿಧಾನವಾಗುತ್ತದೆ, ಹಾಡೂ ನಿಧಾನವಾಗುತ್ತದೆ. ಕಾಳು ನುರಿದ ಮೇಲೆ ಕಲ್ಲು ಹಗುರಾಗಿ ಎರಡೂ ಚುರುಕಾಗುತ್ತವೆ. ಆ ಏರಿಳಿತವನ್ನೆಲ್ಲ ಆ್ಯಪ್ ತಪ್ಪೆಂದು ತಿಳಿದು ಗಡಿಯಾರದ ಟಿಕ್ ಟಿಕ್‌ಗೆ ಕಟ್ಟಿಹಾಕಿತ್ತು.

ಯಾವ ಸಾಫ್ಟ್‌ವೇರ್ ಆರಿಸಿಕೊಳ್ಳಬೇಕು ಎಂಬ ಹುಡುಕಾಟ ಅಲ್ಲಿಂದ ಶುರುವಾಯಿತು. ಹುಡುಕುತ್ತಾ ಹೋದರೆ ನೂರು ವರ್ಷಕ್ಕೂ ಮಿಕ್ಕಿದ ಇತಿಹಾಸ ಎದುರಾಯಿತು.

ಮೂರು ನಿಮಿಷದ ಪ್ಲೇಟು

1902ರ ನವೆಂಬರಿನಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದು ಹೆಸರಾಂತ ಗಾಯಕಿ ಗೌಹರ್ ಜಾನ್ ಅವರ ಹಾಡುಗಳನ್ನು ರೆಕಾರ್ಡ್ ಮಾಡಿದ. ಒಂದು ಪ್ಲೇಟಿಗೆ ಸುಮಾರು ಮೂರು ನಿಮಿಷ ಮಾತ್ರ. ಗಂಟೆಗಟ್ಟಲೆ ಬೆಳೆಸುವ ರಾಗವನ್ನು ಗೌಹರ್ ಜಾನ್ ಅಷ್ಟರಲ್ಲೇ ಹಾಡಿ ಮುಗಿಸಿ, ಕೊನೆಗೆ ಇಂಗ್ಲಿಷಿನಲ್ಲಿ ತಮ್ಮ ಹೆಸರನ್ನೂ ಹೇಳುತ್ತಿದ್ದರು. ಯಂತ್ರಕ್ಕೆ ಹಾಡನ್ನು ಕುಗ್ಗಿಸಲು ಬರುತ್ತಿರಲಿಲ್ಲವಾದ್ದರಿಂದ ಹಾಡುವವರೇ ತಮ್ಮನ್ನು ಕುಗ್ಗಿಸಿಕೊಳ್ಳಬೇಕಿತ್ತು.

ಅವರಿಗೂ ನಮ್ಮ ನಾಡಿಗೂ ನಂಟಿದೆ. 1928ರಲ್ಲಿ ಅವರು ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದರು. 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು.

ಆ ಕಾಲದ ಪ್ಲೇಟುಗಳು ನಿಮಿಷಕ್ಕೆ 78 ಸುತ್ತು ಎಂದು ನಾವು ಹೇಳುತ್ತೇವೆ. ಆದರೆ ಮೊದಮೊದಲು ಎಲ್ಲ ಪ್ಲೇಟುಗಳೂ ಅದೇ ವೇಗದಲ್ಲಿ ಇರಲಿಲ್ಲ. ಇಂದು ಅವನ್ನು ಕಂಪ್ಯೂಟರಿಗೆ ಇಳಿಸುವವರು ವೇಗವನ್ನು ಅಂದಾಜು ಮಾಡಬೇಕು. ವೇಗ ನೂರಕ್ಕೆ 6ರಷ್ಟು ಹೆಚ್ಚಾದರೆ ಶ್ರುತಿ ಹಾರ್ಮೋನಿಯಂನಲ್ಲಿ ಬಿಳಿ ಒಂದರಿಂದ ಕಪ್ಪು ಒಂದಕ್ಕೆ ಏರಿಬಿಡುತ್ತದೆ. ಅಂದಾಜು ತಪ್ಪಿದರೆ ನಾವು ಕೇಳುವುದು ಆ ಗಾಯಕಿಯ ನಿಜವಾದ ದನಿಯಲ್ಲ.

ಮೊದಲ ದಾರಿ: ಕತ್ತರಿಸಿ ಜೋಡಿಸುವುದು

ಹಂಗೇರಿಯ ಬುಡಾಪೆಸ್ಟ್‌ನಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ಕೆಲಸ ಮಾಡುತ್ತಿದ್ದ ಡೆನಿಸ್ ಗೇಬರ್ 1946ರಲ್ಲಿ ಒಂದು ದೊಡ್ಡ ಪ್ರಬಂಧ ಪ್ರಕಟಿಸಿದರು. ಸದ್ದನ್ನು ಸಣ್ಣ ಸಣ್ಣ ಕಾಳುಗಳಾಗಿ ನೋಡಬಹುದು ಎಂಬುದು ಅವರ ವಿಚಾರ. ಸಿನಿಮಾ ರೀಲಿನ ಮೇಲಿನ ಸದ್ದಿನ ಪಟ್ಟಿಯನ್ನು ಸೀಳುಗಳಿರುವ ತಿರುಗುವ ಡ್ರಮ್ಮಿನ ಮುಂದೆ ಓಡಿಸಿ ಪ್ರಯೋಗವನ್ನೂ ಮಾಡಿದರು. ಇದೇ ಗೇಬರ್ ಅವರಿಗೆ 1971ರಲ್ಲಿ ಹೊಲೊಗ್ರಫಿಗಾಗಿ ಭೌತಶಾಸ್ತ್ರದ ನೊಬೆಲ್ ಬಂತು.

ಇದನ್ನು ಮಲ್ಲಿಗೆ ಮಾಲೆಯ ಹಾಗೆ ತಿಳಿಯಬಹುದು. ಮಾಲೆ ಉದ್ದವಾಗಬೇಕೆಂದರೆ ಹೂವನ್ನು ಹಿಗ್ಗಿಸುವುದಿಲ್ಲ, ಇನ್ನಷ್ಟು ಹೂವು ಸೇರಿಸುತ್ತೇವೆ. ಚಿಕ್ಕದಾಗಬೇಕೆಂದರೆ ಕೆಲವನ್ನು ತೆಗೆಯುತ್ತೇವೆ. ಹಾಗೆಯೇ ದನಿಯನ್ನು ಸೆಕೆಂಡಿನ ಮೂವತ್ತು, ನಲವತ್ತನೇ ಒಂದು ಭಾಗದಷ್ಟು ಚೂರುಗಳಾಗಿ ಕತ್ತರಿಸಿ, ಕೆಲವನ್ನು ಎರಡೆರಡು ಸಲ ಜೋಡಿಸಿದರೆ ಮಾತು ಉದ್ದವಾಗುತ್ತದೆ. ಕೆಲವನ್ನು ಬಿಟ್ಟರೆ ಚಿಕ್ಕದಾಗುತ್ತದೆ. ಚೂರುಗಳು ಮೊದಲಿನಂತೆಯೇ ಇರುವುದರಿಂದ ಶ್ರುತಿ ಬದಲಾಗುವುದಿಲ್ಲ.

1954ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಗ್ರಾಂಟ್ ಫೇರ್‌ಬ್ಯಾಂಕ್ಸ್ ಮತ್ತು ಜೊತೆಗಾರರು ಟೇಪಿನ ಮೇಲೆ ಇದನ್ನು ಮಾಡುವ ಯಂತ್ರವನ್ನು ವಿವರಿಸಿದರು. ಟೇಪಿನ ಹೆಡ್ಡುಗಳೇ ಒಂದು ಡ್ರಮ್ಮಿನ ಮೇಲೆ ಕೂತು ತಿರುಗುತ್ತಿದ್ದವು. ಇದು ಬಹಳ ಉಪಯೋಗಕ್ಕೆ ಬಂದದ್ದು ಕಣ್ಣು ಕಾಣದವರಿಗೆ. ಪುಸ್ತಕವನ್ನು ಟೇಪಿನಲ್ಲಿ ಕೇಳಿ ಓದುವ ವಿದ್ಯಾರ್ಥಿಗಳಿಗೆ, ದನಿ ಕೆಡದೆ ಬೇಗ ಬೇಗ ಕೇಳಿಸಲು 1960ರ ದಶಕದಲ್ಲಿ ಅಲ್ಲಿ ಸಾಕಷ್ಟು ಪ್ರಯೋಗಗಳು ನಡೆದವು. ಇಂದು ಕ್ರೋಮ್ ಬ್ರೌಸರಿನಲ್ಲಿ ವಿಡಿಯೋ ವೇಗ ಹೆಚ್ಚಿಸಿದಾಗ ಕೆಲಸ ಮಾಡುವುದೂ ಇದೇ ಜಾತಿಯ ವಿಧಾನ.

ವ್ಯಾಪಾರದವರು ಸುಮ್ಮನಿರುತ್ತಾರೆಯೇ? 1975ರಲ್ಲಿ ಅಮೆರಿಕದ ಇವೆಂಟೈಡ್ ಕಂಪನಿ ಎಚ್910 ಎಂಬ ಶ್ರುತಿ ಬದಲಿಸುವ ಪೆಟ್ಟಿಗೆ ತಂದಿತು. ನ್ಯೂಯಾರ್ಕಿನ ಟಿ.ವಿ. ಕೇಂದ್ರವೊಂದು ಅದನ್ನು ಕೊಂಡು, 'ಐ ಲವ್ ಲೂಸಿ' ಎಂಬ ಹಳೇ ಧಾರಾವಾಹಿಯನ್ನು ವೇಗವಾಗಿ ಓಡಿಸಿ, ಏರಿದ ದನಿಯನ್ನು ಆ ಪೆಟ್ಟಿಗೆಯಿಂದ ಇಳಿಸಿತು. ಉಳಿದ ಸಮಯಕ್ಕೆ ಇನ್ನಷ್ಟು ಜಾಹೀರಾತು!

ಈ ದಾರಿಗೆ ಒಂದು ದೋಷವಿದೆ. ಹೆಚ್ಚು ಹಿಗ್ಗಿಸಿದರೆ ಒಂದೇ ಚೂರು ಮತ್ತೆ ಮತ್ತೆ ಬಂದು ದನಿ ಒಡೆದಂತೆ, ತಗಡು ಬಡಿದಂತೆ ಕೇಳಿಸುತ್ತದೆ. ತಮಟೆಯ ಒಂದು ಪೆಟ್ಟು ಎರಡಾಗಿಬಿಡಬಹುದು.

ಎರಡನೇ ದಾರಿ: ದನಿಯ ಚಿತ್ರ ಬರೆಯುವುದು

ಫ್ರಾನ್ಸಿನ ಜೋಸೆಫ್ ಫೂರಿಯೇ 1822ರಲ್ಲಿ ಬಿಸಿ ಹೇಗೆ ಹರಡುತ್ತದೆ ಎಂಬ ಬಗ್ಗೆ ಪುಸ್ತಕ ಬರೆದರು. ಎಂಥ ಸಿಕ್ಕು ಅಲೆಯನ್ನೂ ಸರಳ ಅಲೆಗಳ ಮೊತ್ತವಾಗಿ ಬಿಡಿಸಬಹುದು ಎಂಬ ಲೆಕ್ಕ ಅದರಲ್ಲಿತ್ತು. ದನಿಯೂ ಅಲೆಯೇ. ಹಾಗಾಗಿ ಒಂದು ದನಿಯಲ್ಲಿ ಯಾವ ಯಾವ ಸ್ವರ ಎಷ್ಟೆಷ್ಟಿದೆ ಎಂದು ತೂಗಿ ನೋಡಬಹುದು.

1940ರ ದಶಕದಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನವರು ದನಿಯನ್ನು ಕಾಗದದ ಮೇಲೆ ಚಿತ್ರವಾಗಿ ಇಳಿಸುವ ಯಂತ್ರ ಮಾಡಿದರು. ಎಡದಿಂದ ಬಲಕ್ಕೆ ಹೊತ್ತು, ಕೆಳಗಿನಿಂದ ಮೇಲಕ್ಕೆ ಸ್ವರದ ಎತ್ತರ, ಸದ್ದು ಜೋರಾದಷ್ಟೂ ಗುರುತು ಕಪ್ಪು. ಇದೇ ಸ್ಪೆಕ್ಟ್ರೋಗ್ರಾಮ್. 1947ರಲ್ಲಿ ರಾಲ್ಫ್ ಪಾಟರ್ ಮತ್ತಿಬ್ಬರು ಇದರ ಬಗ್ಗೆ 'ವಿಸಿಬಲ್ ಸ್ಪೀಚ್' ಎಂಬ ಪುಸ್ತಕ ತಂದರು. ಕಿವಿ ಕೇಳದವರು ಮಾತನ್ನು ಕಣ್ಣಿನಿಂದ ಓದಲಿ ಎಂಬುದು ಅವರ ಆಸೆಗಳಲ್ಲೊಂದು.

ಇದನ್ನು ಓದಿದಾಗ ನಾವು ಒಂದು ಕ್ಷಣ ನಿಂತೆವು. ಮಾತು ಕುಗ್ಗಿಸುವ ಯಂತ್ರವನ್ನು ಕಣ್ಣು ಕಾಣದವರಿಗೆ ಬಳಸಿದರು. ದನಿಯ ಚಿತ್ರವನ್ನು ಕಿವಿ ಕೇಳದವರಿಗೆ ಬಳಸಲು ನೋಡಿದರು. ಇಂದು ಡಿ.ಜೆ. ಹುಡುಗರ ಲ್ಯಾಪ್‌ಟಾಪಿನಲ್ಲಿರುವ ಎರಡೂ ಉಪಾಯಗಳ ಹಿಂದೆ ಇಂಥ ಅಗತ್ಯಗಳಿದ್ದವು.

1965ರಲ್ಲಿ ಕೂಲಿ ಮತ್ತು ಟ್ಯೂಕಿ ಎಂಬಿಬ್ಬರು ಫೂರಿಯೇ ಲೆಕ್ಕವನ್ನು ಕಂಪ್ಯೂಟರಿನಲ್ಲಿ ಬೇಗ ಮಾಡುವ ವಿಧಾನ ಪ್ರಕಟಿಸಿದರು. ಮರುವರ್ಷ, 1966ರಲ್ಲಿ, ಬೆಲ್ ಲ್ಯಾಬ್ಸ್‌ನ ಫ್ಲಾನಗನ್ ಮತ್ತು ಗೋಲ್ಡನ್ 'ಫೇಸ್ ವೋಕೋಡರ್' ಎಂಬುದನ್ನು ವಿವರಿಸಿದರು. ದನಿಯನ್ನು ಸ್ವರಗಳಾಗಿ ಬಿಡಿಸಿ, ಪ್ರತಿ ಸ್ವರವನ್ನೂ ಬೇಕಾದಷ್ಟು ಹೊತ್ತು ನುಡಿಸಿ ಮತ್ತೆ ಕೂಡಿಸುವ ವಿಧಾನ ಅದು. ದೂರವಾಣಿ ತಂತಿಯಲ್ಲಿ ಮಾತನ್ನು ಕಡಿಮೆ ಜಾಗದಲ್ಲಿ ಕಳಿಸುವುದು ಅವರ ಉದ್ದೇಶವಾಗಿತ್ತು. ದನಿ ಹಿಗ್ಗಿಸಲೂ ಅದು ಒದಗಿತು.

ಈ ದಾರಿಗೂ ದೋಷವಿದೆ, ಅದನ್ನು ಗೇಬರ್ ಆಗಲೇ ಹೇಳಿದ್ದರು. ರಾಗಿ ಕಲ್ಲನ್ನೇ ನೋಡಿ. ಒಂದು ಸಲ ಕಣ್ಣಾಡಿಸಿದರೆ ಗೂಟ ಎಲ್ಲಿದೆ ಎಂದು ಗೊತ್ತಾಗುತ್ತದೆ, ಕಲ್ಲು ಎಷ್ಟು ವೇಗವಾಗಿ ತಿರುಗುತ್ತಿದೆ ಎಂದು ಗೊತ್ತಾಗುವುದಿಲ್ಲ. ವೇಗ ತಿಳಿಯಲು ಸ್ವಲ್ಪ ಹೊತ್ತು ನೋಡಬೇಕು, ಅಷ್ಟರಲ್ಲಿ ಗೂಟ ಒಂದೇ ಜಾಗದಲ್ಲಿ ಇರುವುದಿಲ್ಲ. ದನಿಯೂ ಹಾಗೆಯೇ. ಸ್ವರವನ್ನು ನಿಖರವಾಗಿ ತಿಳಿಯಲು ಹೋದರೆ ಅದು ಯಾವ ಗಳಿಗೆಯಲ್ಲಿ ಹುಟ್ಟಿತು ಎಂಬುದು ಮಸುಕಾಗುತ್ತದೆ. ಅದಕ್ಕೇ ಈ ವಿಧಾನದಲ್ಲಿ ಹಿಗ್ಗಿಸಿದ ತಮಟೆಯ ಪೆಟ್ಟು ಕರಗಿಹೋಗುತ್ತದೆ. ಹಾಡು ಹಂಡೆಯೊಳಗಿಂದ ಬಂದಂತೆ ಕೇಳಿಸುತ್ತದೆ.

ಎಷ್ಟೇ ದುಬಾರಿ ಸಾಫ್ಟ್‌ವೇರ್ ಆದರೂ ಈ ಮಿತಿಯನ್ನು ದಾಟಲಾರದು. ಜಾಣತನದಿಂದ ಮರೆಮಾಚಬಹುದು, ಅಷ್ಟೆ.

ತಾಳಕ್ಕೆ ಕಟ್ಟಿದವರು

1980ರ ದಶಕದ ಕೊನೆಗೆ ಜಪಾನಿನ ಅಕಾಯ್ ಕಂಪನಿಯ ಸ್ಯಾಂಪ್ಲರ್ ಪೆಟ್ಟಿಗೆಗಳಲ್ಲಿ ಹಿಗ್ಗಿಸುವ ಸೌಲಭ್ಯ ಬಂತು. ಅದರ ತಗಡಿನಂಥ ದನಿಯನ್ನೇ ಇಂಗ್ಲೆಂಡಿನ 'ಜಂಗಲ್' ಸಂಗೀತದ ಹುಡುಗರು ಇಷ್ಟಪಟ್ಟು ಬಳಸಿದರು. ದೋಷವೇ ಅವರಿಗೆ ಅಲಂಕಾರವಾಯಿತು.

1994ರಲ್ಲಿ ಸ್ವೀಡನ್ನಿನ ಪ್ರೊಪೆಲ್ಲರ್‌ಹೆಡ್ 'ರೀಸೈಕಲ್' ತಂದಿತು. ಅದು ಹಿಗ್ಗಿಸುವ ಗೋಜಿಗೇ ಹೋಗಲಿಲ್ಲ. ವಾದ್ಯದ ಪೆಟ್ಟು ಪೆಟ್ಟಿಗೂ ಕತ್ತರಿಸಿ ದೂರ ದೂರ ಇಟ್ಟಿತು. 1998ರಲ್ಲಿ ಬಂದ ಸೋನಿಕ್ ಫೌಂಡ್ರಿಯ 'ಆ್ಯಸಿಡ್', ಹಾಕಿದ ತುಣುಕನ್ನು ತಾನೇ ಹಾಡಿನ ವೇಗಕ್ಕೆ ಹೊಂದಿಸಿತು. 2001ರಲ್ಲಿ ಬರ್ಲಿನ್ನಿನ 'ಏಬಲ್ಟನ್ ಲೈವ್' ಇದನ್ನು ವೇದಿಕೆಯ ಮೇಲೆ, ಹಾಡು ನಡೆಯುತ್ತಿರುವಾಗಲೇ ಮಾಡಿ ತೋರಿಸಿತು.

ಅದೇ 2001ರಲ್ಲಿ ಜರ್ಮನಿಯ 'ಮೆಲೋಡೈನ್' ಹಾಡಿನ ಒಂದೊಂದು ಸ್ವರವನ್ನೂ ಬೆರಳಲ್ಲಿ ಹಿಡಿದು ಸರಿಸಲು ಬಿಟ್ಟಿತು. 2007ರಲ್ಲಿ 'ಐಝೋಟೋಪ್ ಆರ್‌ಎಕ್ಸ್', 2012ರಲ್ಲಿ 'ಸ್ಪೆಕ್ಟ್ರಾಲೇಯರ್ಸ್' ಬಂದವು. ಬಟ್ಟೆಯ ಮೇಲಿನ ಕಲೆಯನ್ನಷ್ಟೇ ಒರೆಸುವ ಹಾಗೆ, ದನಿಯ ಚಿತ್ರದಲ್ಲಿ ಬೇಡವಾದ ಗುರುತನ್ನಷ್ಟೇ ಅಳಿಸುವ ಕೆಲಸ ಇವುಗಳದು.

ಇವುಗಳಲ್ಲಿ ಹೆಚ್ಚಿನವು ಒಂದೇ ವೇಗದ ಕುಣಿತದ ಸಂಗೀತವನ್ನು ಮನಸ್ಸಿನಲ್ಲಿಟ್ಟು ಮಾಡಿದವು. ನಿಮಿಷಕ್ಕೆ ಇಷ್ಟು ಪೆಟ್ಟು ಎಂದರೆ ಮೊದಲಿಂದ ಕೊನೆವರೆಗೆ ಅಷ್ಟೇ. ರಾಗಿ ಹಾಕಿದಾಗ ನಿಧಾನವಾಗುವ ಹಾಡು ಅವರ ಲೆಕ್ಕದಲ್ಲಿ ಇರಲಿಲ್ಲ. ನಮ್ಮ ಆ್ಯಪ್ ಎಡವಿದ್ದು ಅಲ್ಲಿಯೇ.

ಹಾಗಾದರೆ ಯಾವುದನ್ನು ಆರಿಸಬೇಕು?

ಇಷ್ಟು ತಿಳಿದ ಮೇಲೆ ನಾವು ಸಾಫ್ಟ್‌ವೇರ್‌ಗಿಂತ ಮೊದಲು ನಮ್ಮ ಸಾಮಾನನ್ನು ನೋಡಲು ಕಲಿತೆವು. ನಮಗೆ ಉಪಯೋಗವಾದದ್ದನ್ನು ಇಲ್ಲಿ ಹೇಳುತ್ತೇವೆ.

1. ವಾದ್ಯವೋ ದನಿಯೋ? ತಮಟೆ, ಡೊಳ್ಳು, ಹಲಗೆಗೆ ಪೆಟ್ಟು ಪೆಟ್ಟಿಗೂ ಕತ್ತರಿಸುವ ವಿಧಾನವೇ ಸರಿ. ಒಬ್ಬರೇ ಆಡುವ ಮಾತು, ಹಾಡುವ ಪದಕ್ಕೆ ಚೂರು ಜೋಡಿಸುವ ವಿಧಾನ ಚೆನ್ನಾಗಿ ಒಗ್ಗುತ್ತದೆ. ಹಾರ್ಮೋನಿಯಂ, ಹಿಮ್ಮೇಳ ಎಲ್ಲ ಸೇರಿದ ಹಾಡಿಗೆ ಸ್ವರ ಬಿಡಿಸುವ ವಿಧಾನ ಬೇಕು. ಏಬಲ್ಟನ್ ಲೈವ್, ರೀಪರ್‌ಗಳಲ್ಲಿ ಪ್ರತಿ ತುಣುಕಿಗೂ ಬೇರೆ ಬೇರೆ ವಿಧಾನ ಆರಿಸಬಹುದು. ಎಲ್ಲಕ್ಕೂ ಒಂದೇ ಗುಂಡಿ ಇರುವ ಆ್ಯಪ್ ಬೇಡ.

2. ದುಡ್ಡಿಲ್ಲದಿದ್ದರೆ? ಆಡಾಸಿಟಿ ಪೂರ್ತಿ ಉಚಿತ. ಅದರ ಮೊದಲ ಆವೃತ್ತಿ ಬಂದದ್ದು 2000ದಲ್ಲಿ. ದನಿಯ ಚಿತ್ರದಲ್ಲಿ ಚೌಕ ಎಳೆದು ತಿದ್ದುವ ಸೌಲಭ್ಯ 2015ರಲ್ಲಿ, ತಾಳದ ಗೆರೆಗೆ ತುಣುಕನ್ನು ಎಳೆದು ಹಿಗ್ಗಿಸುವ ಸೌಲಭ್ಯ 2023ರಲ್ಲಿ ಸೇರಿದವು. ಕಲಿಯಲು ಇಷ್ಟು ಸಾಕು. ಇದಕ್ಕೆ ಕಂಪ್ಯೂಟರ್ ಬೇಕು, ಮೊಬೈಲಿನಲ್ಲಿ ಆಗುವುದಿಲ್ಲ. ರೀಪರ್ ದುಡ್ಡಿನದ್ದು, ಆದರೆ 60 ದಿನ ಪೂರ್ತಿ ಬಳಸಿ ನೋಡಬಹುದು. ಆರ್‌ಎಕ್ಸ್, ಸ್ಪೆಕ್ಟ್ರಾಲೇಯರ್ಸ್ ಕೊಳ್ಳಬೇಕಾಗಿರುವುದು ಕುಂಚದಿಂದ ತಿದ್ದುವಂಥ ನಾಜೂಕು ಕೆಲಸ ದಿನಾ ಇದ್ದವರಿಗೆ ಮಾತ್ರ.

3. ಮೊದಲು ಒರೆಸಿ, ಆಮೇಲೆ ಹಿಗ್ಗಿಸಿ. ಹಿಗ್ಗಿಸಿದ ಮೇಲೆ ಹಾರನ್ನೂ ಹಿಗ್ಗಿ ಹಾಡಿನೊಳಗೆ ಹರಡಿರುತ್ತದೆ, ತೆಗೆಯುವುದು ಕಷ್ಟ.

4. ಎಷ್ಟು ಹಿಗ್ಗಿಸುತ್ತೀರಿ? ನೂರಕ್ಕೆ ನಾಲ್ಕೈದರಷ್ಟು ಎಳೆದರೆ ನಮ್ಮ ಕಿವಿಗೆ ಗೊತ್ತಾಗಲಿಲ್ಲ. ಇಪ್ಪತ್ತು ದಾಟಿದಾಗ ಯಾವ ವಿಧಾನದಲ್ಲೂ ಅಜ್ಜಿಯ ದನಿ ಅಜ್ಜಿಯದಾಗಿ ಉಳಿಯಲಿಲ್ಲ.

5. ಮೂಲ ಯಾವುದು? ಸಾಧ್ಯವಾದರೆ ಡಬ್ಲ್ಯುಎವಿ ಫೈಲಿನಲ್ಲಿ ರೆಕಾರ್ಡ್ ಮಾಡಿ. ವಾಟ್ಸ್‌ಆ್ಯಪ್ ವಾಯ್ಸ್ ಮೆಸೇಜಾಗಿ ಬಂದ ಹಾಡಿನಲ್ಲಿ ದನಿಯ ಒಂದು ಪಾಲು ಆಗಲೇ ಕಳೆದುಹೋಗಿರುತ್ತದೆ. ಯಾವ ಸಾಫ್ಟ್‌ವೇರೂ ಅದನ್ನು ಹಾಗೇ ವಾಪಸು ತರಲಾರದು.

ನಾವು ಮಾಡಿದ್ದು

ಕೊನೆಗೆ ನಾವು ಮೂಲ ಫೈಲನ್ನೇ ಮತ್ತೆ ತೆರೆದೆವು. ಚಿತ್ರದಲ್ಲಿ ಬೈಕಿನ ಹಾರನ್ ಒಂದರ ಮೇಲೊಂದು ಎಳೆದ ಅಡ್ಡಗೆರೆಗಳ ಹಾಗೆ ಎದ್ದು ಕಾಣುತ್ತಿತ್ತು. ಆ ಗೆರೆಗಳನ್ನಷ್ಟೇ ಒಂದೊಂದಾಗಿ ತಗ್ಗಿಸಿದೆವು. ಪಂಪ್‌ಸೆಟ್ಟಿನ ಗುಂಯ್ ತಳದಲ್ಲಿ ಒಂದೇ ಪಟ್ಟಿಯಾಗಿತ್ತು, ಅದನ್ನೂ ಇಳಿಸಿದೆವು. ಕಲ್ಲಿನ ಸದ್ದು ಚಿತ್ರದ ತುಂಬ ಮಂಜಿನ ಹಾಗೆ ಹರಡಿತ್ತು. ಅದನ್ನು ಮುಟ್ಟಲಿಲ್ಲ. ಉಸಿರನ್ನೂ ಮುಟ್ಟಲಿಲ್ಲ.

ತಾಳದ ವಿಷಯದಲ್ಲಿ ಲೆಕ್ಕವನ್ನು ತಿರುಗಿಸಿದೆವು. ಅಜ್ಜಿಯ ಹಾಡನ್ನು ಹಿಗ್ಗಿಸಲೇ ಇಲ್ಲ. ಕಲ್ಲು ಒಂದು ಸುತ್ತು ಬಂದಲ್ಲೆಲ್ಲ ಒಂದು ಗುರುತು ಹಾಕಿ, ಅದನ್ನೇ ತಾಳದ ಗೆರೆ ಮಾಡಿಕೊಂಡೆವು. ಆಮೇಲೆ ತಮಟೆಯನ್ನು ಪೆಟ್ಟು ಪೆಟ್ಟಿಗೂ ಕತ್ತರಿಸಿ ಆ ಗುರುತುಗಳ ಮೇಲೆ ಕೂರಿಸಿದೆವು. ರಾಗಿ ಹಾಕಿದಾಗ ತಮಟೆಯೂ ನಿಧಾನವಾಯಿತು, ಕಲ್ಲು ಹಗುರಾದಾಗ ತಮಟೆಯೂ ಚುರುಕಾಯಿತು. ಇದಕ್ಕೆ ಎರಡು ರಾತ್ರಿ ಹಿಡಿಯಿತು. ಮೊದಲಿನ ಆ್ಯಪ್‌ನಲ್ಲಿ ಎರಡು ನಿಮಿಷದ ಕೆಲಸವಾಗಿತ್ತು.

ಮತ್ತೆ ಅಜ್ಜಿಗೆ ಕೇಳಿಸಿದೆವು. ಪೂರ್ತಿ ಕೇಳಿದರು. ಕಲ್ಲು ಇದೆ, ಉಸಿರೂ ಇದೆ ಎಂದು ನಾವು ಧೈರ್ಯವಾಗಿ ಕೂತಿದ್ದೆವು. ಹಾಡು ಮುಗಿದ ಮೇಲೆ ಕೇಳಿದರು:

"ಅಲ್ಲೊಂದು ಹಾರನ್ ಇತ್ತಲ್ಲ, ಎಲ್ಲೋಯ್ತು? ಅದು ನಮ್ ಮೊಮ್ಮಗನ್ ಗಾಡೀದು ಕಣ್ರಪ್ಪ."

ನಮ್ಮ ಬಳಿ ಉತ್ತರವಿರಲಿಲ್ಲ. ಯಾವುದು ಹಾಡು, ಯಾವುದು ಗದ್ದಲ ಎಂಬುದು ಸಾಫ್ಟ್‌ವೇರ್‌ಗೆ ಗೊತ್ತಿಲ್ಲ ಎಂದು ಕಲಿತಿದ್ದೆವು. ನಮಗೂ ಪೂರ್ತಿ ಗೊತ್ತಿಲ್ಲ ಎಂಬುದನ್ನು ಅಜ್ಜಿ ಕಲಿಸಿದರು.

ಈಗ ಮೂಲ ರೆಕಾರ್ಡಿಂಗನ್ನು ಹಾರನ್ ಸಮೇತ ಹಾಗೇ ಇಟ್ಟಿದ್ದೇವೆ. ಒಂದು ಪ್ರತಿ ನಮ್ಮ ಬಳಿ, ಒಂದು ಹಾರ್ಡ್ ಡಿಸ್ಕಿನಲ್ಲಿ, ಒಂದು ಆ ಮೊಮ್ಮಗನ ಮೊಬೈಲಿನಲ್ಲಿ. ನಿಮ್ಮ ಮನೆಯಲ್ಲೂ ಹಳೇ ಕ್ಯಾಸೆಟ್ಟು, ಹಳೇ ಫೋನಿನಲ್ಲಿ ಯಾರದೋ ಪದ ಇದ್ದರೆ ಅದನ್ನು ಚೊಕ್ಕ ಮಾಡುವ ಮುಂಚೆ ಒಂದು ಪ್ರತಿ ತೆಗೆದಿಡಿ. ಹಾಡಿದವರು ಬದುಕಿದ್ದರೆ ಅವರನ್ನು ಒಂದು ಮಾತು ಕೇಳಿ.